ಕೀಟನೇತ್ರದ ಮರ್ಮವನ್ನರಿತ ಸಿಗ್ಮಂಡ್ ಎಕ್ಸ್‌ನರ್

ಕಣ್ಣು ಕಾಣುವುದಕ್ಕೆ ಬೆಳಕು ಬೇಕು ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಕಣ್ಣು ಸ್ಪಷ್ಟವಾಗಿ ಕಾಣಬೇಕಾದರೆ ಬೇಡದ ಬೆಳಕನ್ನು ತಡೆಯುವ ತೆರೆಯೊಂದೂ ಬೇಕು ಎಂಬುದು ಅಷ್ಟಾಗಿ ಜನರಿಗೆ ತಿಳಿದಿಲ್ಲ. ಸುಡುಬಿಸಿಲಿನಲ್ಲಿ ದೂರದ ಗುಡ್ಡದ ಮೇಲೆ ಮೇಯುತ್ತಿರುವ ತನ್ನ ದನವನ್ನು ಗುರುತಿಸಬೇಕಾದಾಗ ರೈತನು ಹುಬ್ಬಿನ ಮೇಲೆ ಅಂಗೈಯನ್ನು ಅಡ್ಡ ಹಿಡಿಯುತ್ತಾನೆ. ಹಾಗೆ ಹಿಡಿದಾಗ ಅವನ ಕಣ್ಣಿಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ. ನೋಟ ಮಾತ್ರ ನಿಚ್ಚಳವಾಗುತ್ತದೆ. ಛಾಯಾಗ್ರಹಣದ ಪೆಟ್ಟಿಗೆಯ ಒಳಮೈಗೆ ಕಪ್ಪು ಬಣ್ಣ ಬಳಿಯುವುದೂ ಇದೇ ಕಾರಣದಿಂದ. ಮನುಷ್ಯನು ಈ ಉಪಾಯವನ್ನು ಕಂಡುಕೊಳ್ಳುವುದಕ್ಕೆ ಕೋಟ್ಯಂತರ ವರ್ಷಗಳ ಮುಂಚೆಯೇ ನಿಸರ್ಗವು ಅದನ್ನು ಕೀಟಗಳ ಕಣ್ಣಿನಲ್ಲಿ ಅಳವಡಿಸಿತ್ತು. ಕೀಟದ ಕಣ್ಣಿನಲ್ಲಿರುವ ಕಪ್ಪು, ಕಂದು ಅಥವಾ ಕೆಂಪು ವರ್ಣದ್ರವ್ಯವೇ ಆ ತೆರೆ. ಅದು ಕೇವಲ ಅಲಂಕಾರವಲ್ಲ, ನೋಟದ ಒಂದು ಮುಖ್ಯ ಸಾಧನ ಎಂಬುದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯರು ಆಸ್ಟ್ರಿಯಾ ದೇಶದ ಶರೀರಕ್ರಿಯಾ ವಿಜ್ಞಾನಿ ಸಿಗ್ಮಂಡ್ ಎಕ್ಸ್‌ನರ್ ಅವರು.

ಎಕ್ಸ್‌ನರ್ ಅವರು ೧೮೪೬ನೆಯ ಇಸವಿ ಏಪ್ರಿಲ್ ೫ರಂದು ವಿಯೆನ್ನಾ ನಗರದಲ್ಲಿ ಜನಿಸಿದರು. ಅವರ ತಂದೆ ಫ್ರಾಂಟ್ಸ್ ಎಕ್ಸ್‌ನರ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಆಸ್ಟ್ರಿಯಾದ ಶಾಲಾ ಶಿಕ್ಷಣ ಪದ್ಧತಿಯನ್ನು ಸುಧಾರಿಸಲು ಶ್ರಮಿಸಿದವರಲ್ಲಿ ಪ್ರಮುಖರು. ಮನೆಯಲ್ಲಿ ಐವರು ಮಕ್ಕಳು. ವಿದ್ಯೆ, ಚರ್ಚೆ, ಗ್ರಂಥಗಳ ವಾತಾವರಣದಲ್ಲಿ ಅವರ ಬಾಲ್ಯ ಆರಂಭವಾಯಿತು. ಆದರೆ ಆ ಸುಖ ಬಹುಕಾಲ ಉಳಿಯಲಿಲ್ಲ. ೧೮೫೩ರಲ್ಲಿ ತಂದೆಯವರು ತೀರಿಕೊಂಡರು. ಆಗ ಬಾಲಕ ಸಿಗ್ಮಂಡನಿಗೆ ಕೇವಲ ಏಳು ವರ್ಷ. ಆರು ವರ್ಷಗಳ ತರುವಾಯ ತಾಯಿಯೂ ಗತಿಸಿದರು. ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಈ ಐವರು ಮಕ್ಕಳು ಒಬ್ಬರಿಗೊಬ್ಬರು ಆಸರೆಯಾಗಿ ಬೆಳೆದರು. ಮುಂದೆ ಅವರಲ್ಲಿ ಅಡಾಲ್ಫ್ ನ್ಯಾಯಶಾಸ್ತ್ರದಲ್ಲಿಯೂ, ಕಾರ್ಲ್ ಗಣಿತದಲ್ಲಿಯೂ, ಕಿರಿಯ ಫ್ರಾಂಟ್ಸ್ ಭೌತವಿಜ್ಞಾನದಲ್ಲಿಯೂ ಹೆಸರು ಗಳಿಸಿದರು. ಸೋದರಿ ಮರೀ ಅವರ ಮಗನೊಬ್ಬನು ಜಗದ್ವಿಖ್ಯಾತನಾದನು. ಅವನ ವಿಚಾರ ಮುಂದೆ ಬರುತ್ತದೆ.

ಸಿಗ್ಮಂಡ್ ಅವರು ವಿಯೆನ್ನಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸ ಮಾಡಿದರು. ಅಲ್ಲಿ ಅವರಿಗೆ ದೊರೆತ ಗುರುಗಳು ಅರ್ನ್‌ಸ್ಟ್ ಬ್ರೂಕ. ಜೀವಿಗಳ ದೇಹದಲ್ಲಿ ನಡೆಯುವ ವ್ಯಾಪಾರಗಳನ್ನೆಲ್ಲ ಭೌತ ಮತ್ತು ರಸಾಯನ ವಿಜ್ಞಾನಗಳ ನಿಯಮಗಳಿಂದಲೇ ವಿವರಿಸಬೇಕೆಂಬುದು ಬ್ರೂಕ ಅವರ ದೃಢವಾದ ನಿಲುವು. ಅನಂತರ ಎಕ್ಸ್‌ನರ್ ಜರ್ಮನಿಯ ಹೈಡಲ್‌ಬರ್ಗ್‌ಗೆ ಹೋಗಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಅವರ ಬಳಿ ಕಲಿತರು. ಹೆಲ್ಮ್‌ಹೋಲ್ಟ್ಸ್ ಕಣ್ಣಿನ ವಿಜ್ಞಾನದಲ್ಲಿ ಆ ಕಾಲದ ಮಹಾಪಂಡಿತರು. ಜೀವಂತ ಮನುಷ್ಯನ ಕಣ್ಣಿನ ಒಳಗನ್ನು ನೋಡಲು ನೆರವಾಗುವ ನೇತ್ರದರ್ಶಕವನ್ನು ೧೮೫೧ರಲ್ಲಿ ರಚಿಸಿದವರು ಅವರೇ. ಇಂತಹ ಇಬ್ಬರು ಗುರುಗಳ ಶಿಕ್ಷಣವು ಎಕ್ಸ್‌ನರ್ ಅವರ ಮನಸ್ಸಿನ ಮೇಲೆ ಅಳಿಸಲಾಗದ ಮುದ್ರೆಯನ್ನೊತ್ತಿತು. ೧೮೭೦ರಲ್ಲಿ ವೈದ್ಯ ಪದವಿಯನ್ನು ಪಡೆದು ಅವರು ಬ್ರೂಕ ಅವರ ಶರೀರಕ್ರಿಯಾ ಸಂಸ್ಥೆಯಲ್ಲಿ ಸಹಾಯಕರಾದರು.

ಆ ಸಂಸ್ಥೆಯ ಹೆಸರು ದೊಡ್ಡದಾಗಿದ್ದರೂ ಅದಕ್ಕಿದ್ದ ಕಟ್ಟಡ ಮಾತ್ರ ಹಿಂದೊಮ್ಮೆ ಬಂದೂಕುಗಳನ್ನು ತಯಾರಿಸುತ್ತಿದ್ದ ಹಳೆಯ ಕಾರ್ಖಾನೆಯಾಗಿತ್ತು. ಮಬ್ಬುಗತ್ತಲೆಯ ಕೋಣೆಗಳು, ಸಾಲದ ಸೌಕರ್ಯಗಳು. ಆದರೂ ಅಲ್ಲಿಗೆ ಪ್ರತಿಭಾವಂತರಾದ ತರುಣರು ಬರುತ್ತಿದ್ದರು. ಮುಂದೆ ಮನೋವಿಶ್ಲೇಷಣೆಯ ಪ್ರವರ್ತಕರೆಂದು ಪ್ರಸಿದ್ಧರಾದ ಸಿಗ್ಮಂಡ್ ಫ್ರಾಯ್ಡ್ ಅವರೂ ೧೮೭೬ರಿಂದ ೧೮೮೨ರ ವರೆಗೆ ಅಲ್ಲಿ ಕೆಲಸ ಮಾಡಿದರು. ಎಕ್ಸ್‌ನರ್ ಅವರು ಮೊದಲು ಸಂಶೋಧನೆಗೆ ಆರಿಸಿಕೊಂಡದ್ದು ಮನುಷ್ಯನ ಇಂದ್ರಿಯಗಳನ್ನು ಮತ್ತು ಮಿದುಳನ್ನು. ಪ್ರಚೋದನೆಗೂ ಅದಕ್ಕೆ ನಾವು ತೋರುವ ಪ್ರತಿಕ್ರಿಯೆಗೂ ನಡುವೆ ಕಳೆಯುವ ಅವಧಿಗೆ ಪ್ರತಿಕ್ರಿಯಾಕಾಲ ಎಂಬ ಹೆಸರನ್ನು ೧೮೭೩ರಲ್ಲಿ ಕೊಟ್ಟವರು ಅವರು. ೧೮೭೪ರಲ್ಲಿ ಎಮಿಲಿ ಅವರೊಡನೆ ಅವರ ವಿವಾಹವಾಯಿತು. ಆ ಸಾಧ್ವಿಯೂ ವಿಯೆನ್ನಾದ ಸ್ತ್ರೀಯರ ಶಿಕ್ಷಣಕ್ಕಾಗಿ ದುಡಿದು ಗೌರವಕ್ಕೆ ಪಾತ್ರರಾದರು.

೧೮೭೫ರಲ್ಲಿ ಎಕ್ಸ್‌ನರ್ ಒಂದು ಸರಳವಾದ ಪ್ರಯೋಗವನ್ನು ನಡೆಸಿದರು. ಅಕ್ಕಪಕ್ಕದಲ್ಲಿ ಎರಡು ವಿದ್ಯುತ್ ಕಿಡಿಗಳನ್ನು ಒಂದರ ಹಿಂದೊಂದರಂತೆ ಹಾರಿಸಿದರು. ಅವುಗಳ ನಡುವಣ ಅವಧಿ ತೀರ ಕಡಿಮೆಯಾದಾಗ ನೋಡುವವನಿಗೆ ಎರಡು ಕಿಡಿಗಳು ತೋರುತ್ತಿರಲಿಲ್ಲ; ಒಂದೇ ಕಿಡಿ ಒಂದೆಡೆಯಿಂದ ಇನ್ನೊಂದೆಡೆಗೆ ಸರಿದಂತೆ ತೋರುತ್ತಿತ್ತು. ಚಲನೆಯ ಅರಿವು ಒಂದು ಸ್ವತಂತ್ರವಾದ ಅನುಭವವೆಂದು ಇದರಿಂದ ಅವರು ತಿಳಿದರು. ಆಗ ಅವರಿಗೆ ಒಂದು ಆಲೋಚನೆ ಹೊಳೆಯಿತು. ಸಾವಿರಾರು ಬಿಡಿ ಭಾಗಗಳಿಂದ ಕೂಡಿದ ಕೀಟದ ಕಣ್ಣು ಚಲನೆಯನ್ನು ಗುರುತಿಸಲು ವಿಶೇಷವಾಗಿ ಯೋಗ್ಯವಾಗಿರಬೇಕಲ್ಲವೆ? ಈ ಆಲೋಚನೆಯನ್ನು ಅವರು ಅದೇ ವರ್ಷ ಪ್ರಕಟಿಸಿದರು. ಕೀಟಗಳ ಕಣ್ಣಿನೊಡನೆ ಅವರ ನಂಟು ಹೀಗೆ ಮೊದಲಾಯಿತು. ಅದು ಪೂರ್ಣ ಫಲ ಕೊಡಲು ಹದಿನಾರು ವರ್ಷಗಳು ಹಿಡಿದವು.

ಎಕ್ಸ್‌ನರ್ ಅವರ ಮುಂದಿದ್ದ ಸಮಸ್ಯೆ ಏನೆಂಬುದನ್ನು ಅರಿಯಲು ಕೀಟದ ಕಣ್ಣಿನ ರಚನೆಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ಕಣ್ಣಿನಲ್ಲಿ ಒಂದೇ ಮಸೂರವಿದೆ. ಅದು ಹೊರಜಗತ್ತಿನ ಬಿಂಬವನ್ನು ತಲೆಕೆಳಗಾಗಿ ಅಕ್ಷಿಪಟದ ಮೇಲೆ ಮೂಡಿಸುತ್ತದೆ. ಕೀಟದ ಕಣ್ಣು ಹಾಗಲ್ಲ. ಅದು ಅನೇಕ ಕಿರುಕಣ್ಣುಗಳು ಒತ್ತಾಗಿ ಸೇರಿ ಆದ ಸಂಯುಕ್ತ ಕಣ್ಣು. ಜೇನುನೊಣದ ಒಂದೊಂದು ಕಣ್ಣಿನಲ್ಲಿ ಸುಮಾರು ೫,೦೦೦ ಕಿರುಕಣ್ಣುಗಳಿವೆ. ನಾವು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟದ ದೊಡ್ಡ ಜಾತಿಗಳಲ್ಲಿ ಅವುಗಳ ಸಂಖ್ಯೆ ೨೫,೦೦೦ವನ್ನೂ ಮೀರುತ್ತದೆ. ಪ್ರತಿಯೊಂದು ಕಿರುಕಣ್ಣಿಗೂ ಹೊರಗಡೆ ಒಂದು ಪಾರದರ್ಶಕವಾದ ಪುಟ್ಟ ಮುಖ, ಅದರ ಕೆಳಗೆ ಹರಳಿನಂತಹ ಒಂದು ಶಂಕು, ಇನ್ನೂ ಕೆಳಗೆ ಬೆಳಕನ್ನು ಗ್ರಹಿಸುವ ಜೀವಕೋಶಗಳು ಇರುತ್ತವೆ. ಇವುಗಳ ಸುತ್ತಲೂ ವರ್ಣದ್ರವ್ಯದ ಸೂಕ್ಷ್ಮ ಕಣಗಳು ತುಂಬಿದ ಕೋಶಗಳು ಆವರಿಸಿಕೊಂಡಿರುತ್ತವೆ.

ಹದಿನೇಳನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಲೇವನ್‌ಹುಕ್ ಅವರು ಕೀಟದ ಕಣ್ಣಿನ ಹೊರಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರ ಮೂಲಕ ಮೇಣದಬತ್ತಿಯನ್ನು ನೋಡಿದಾಗ ಒಂದು ಜ್ವಾಲೆಯ ಬದಲು ನೂರಾರು ಪುಟ್ಟ ಜ್ವಾಲೆಗಳು ಕಂಡವು. ಹಾಗಾದರೆ ನೊಣಕ್ಕೆ ಒಂದು ವಸ್ತುವು ಸಾವಿರ ವಸ್ತುಗಳಾಗಿ ಕಾಣುತ್ತದೆಯೆ? ಜರ್ಮನಿಯ ಯೊಹಾನೆಸ್ ಮ್ಯೂಲರ್ ೧೮೨೬ರಲ್ಲಿ ಬೇರೊಂದು ವಾದವನ್ನು ಮುಂದಿಟ್ಟರು. ಪ್ರತಿಯೊಂದು ಕಿರುಕಣ್ಣೂ ತನ್ನ ನೇರಕ್ಕಿರುವ ಒಂದು ಚುಕ್ಕೆಯನ್ನು ಮಾತ್ರ ಕಾಣುತ್ತದೆ. ರಂಗವಲ್ಲಿಯ ಚುಕ್ಕಿಗಳು ಕೂಡಿ ಒಂದು ಚಿತ್ತಾರವಾಗುವಂತೆ ಈ ಚುಕ್ಕೆಗಳೆಲ್ಲ ಕೂಡಿ ಒಂದೇ ಚಿತ್ರವಾಗುತ್ತವೆ ಎಂದು ಅವರು ಪ್ರತಿಪಾದಿಸಿದರು. ಈ ಎರಡು ವಾದಗಳ ನಡುವೆ ಪಂಡಿತರು ದಶಕಗಳ ಕಾಲ ಚರ್ಚಿಸಿದರು. ಚರ್ಚೆಯನ್ನು ತೀರ್ಮಾನಿಸಲು ಪ್ರಯೋಗ ಬೇಕಾಗಿತ್ತು. ಎಕ್ಸ್‌ನರ್ ಅವರು ಆ ಹೊಣೆಯನ್ನು ಹೊತ್ತರು.

ಅವರ ಕೈಗೆ ಸಿಕ್ಕ ಮೊದಲ ಸುಳಿವು ಒಂದು ವಿಚಿತ್ರ ಪ್ರಾಣಿಯಿಂದ ಬಂತು. ಕುದುರೆಯ ಲಾಳದ ಆಕಾರವುಳ್ಳ, ಏಡಿಯೆಂದು ಕರೆಯಲ್ಪಡುವ ಒಂದು ಸಮುದ್ರಜೀವಿಯಿದೆ. ಅದಕ್ಕೂ ಸಂಯುಕ್ತ ಕಣ್ಣುಗಳಿವೆ. ಆದರೆ ಅದರ ಕಣ್ಣಿನ ಹೊರಮೈ ಚಪ್ಪಟೆ. ಮಸೂರವು ಉಬ್ಬಿದ್ದರೆ ಮಾತ್ರ ಬೆಳಕನ್ನು ಒಂದೆಡೆ ಕೂಡಿಸಬಲ್ಲುದು ಎಂಬುದು ಎಲ್ಲರ ನಂಬಿಕೆ. ಚಪ್ಪಟೆಯಾದ ಈ ಕಣ್ಣಿನಲ್ಲಿ ಬೆಳಕು ಒಂದೆಡೆ ಕೂಡುವುದು ಹೇಗೆ? ಎಕ್ಸ್‌ನರ್ ಪರೀಕ್ಷಿಸಿ ನೋಡಿದರು. ಆ ಶಂಕುಗಳ ನಟ್ಟನಡುವೆ ದ್ರವ್ಯವು ಹೆಚ್ಚು ಸಾಂದ್ರವಾಗಿತ್ತು. ಅಂಚಿನ ಕಡೆಗೆ ಸರಿದಂತೆಲ್ಲ ಸಾಂದ್ರತೆ ಕ್ರಮವಾಗಿ ಇಳಿಯುತ್ತಿತ್ತು. ಆದುದರಿಂದ ಬೆಳಕಿನ ಕಿರಣವು ಅದರೊಳಗೆ ಸಾಗುತ್ತ ಸಾಗುತ್ತ ಮೆಲ್ಲನೆ ಬಾಗುತ್ತಿತ್ತು. ಹೊರಮೈ ಉಬ್ಬಿಲ್ಲದಿದ್ದರೂ ಅದು ಮಸೂರದ ಕೆಲಸವನ್ನು ಮಾಡುತ್ತಿತ್ತು. ಇಂತಹ ರಚನೆಯನ್ನು ಅವರು ಮಸೂರ ಸ್ತಂಭ ಎಂಬ ಅರ್ಥದ ಹೆಸರಿನಿಂದ ಕರೆದರು.

ಈ ತಿಳಿವಳಿಕೆಯ ಬೆಳಕಿನಲ್ಲಿ ಅವರು ಬೇರೆ ಬೇರೆ ಕೀಟಗಳ ಕಣ್ಣುಗಳನ್ನು ಹೋಲಿಸಿದರು. ಸಂಯುಕ್ತ ಕಣ್ಣುಗಳಲ್ಲಿ ಎರಡು ಬಗೆಗಳಿವೆಯೆಂದು ಅವರಿಗೆ ಸ್ಪಷ್ಟವಾಯಿತು. ಜೇನುನೊಣ, ಚಿಟ್ಟೆ ಮೊದಲಾದ ಹಗಲು ಸಂಚಾರಿಗಳದು ಮೊದಲನೆಯ ಬಗೆ. ಇಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಶಂಕುವಿನ ತುದಿಗೇ ಅಂಟಿಕೊಂಡಿರುತ್ತವೆ. ಪ್ರತಿಯೊಂದು ಕಿರುಕಣ್ಣಿನ ಸುತ್ತಲೂ ವರ್ಣದ್ರವ್ಯದ ಗೋಡೆಯಿರುತ್ತದೆ. ಒಳಮೈಗೆ ಮಸಿ ಬಳಿದ ಬಿದಿರಿನ ಸಣ್ಣ ಕೊಳವೆಗಳನ್ನು ಕಂತೆ ಕಟ್ಟಿ ಒಂದು ತುದಿಯಿಂದ ನೋಡಿದರೆ ಹೇಗೋ ಹಾಗೆ. ಒಂದು ಕೊಳವೆಗೆ ಓರೆಯಾಗಿ ಬಂದ ಕಿರಣವು ಮಸಿಯಲ್ಲಿ ಇಂಗಿಹೋಗುತ್ತದೆ. ಪಕ್ಕದ ಕೊಳವೆಗೆ ದಾಟುವುದಿಲ್ಲ. ಹೀಗಾಗಿ ಪ್ರತಿಯೊಂದು ಕಿರುಕಣ್ಣೂ ತನ್ನ ಪಾಲಿನ ಚುಕ್ಕೆಯನ್ನು ಮಾತ್ರ ಕಾಣುತ್ತದೆ. ಮ್ಯೂಲರ್ ಅವರ ವಾದವು ಇಂತಹ ಕಣ್ಣುಗಳಿಗೆ ಸಲ್ಲುತ್ತದೆಂದು ಎಕ್ಸ್‌ನರ್ ಒಪ್ಪಿದರು.

ಮಿಂಚುಹುಳು, ಪತಂಗ ಮೊದಲಾದ ಇರುಳು ಸಂಚಾರಿಗಳದು ಎರಡನೆಯ ಬಗೆ. ಇಲ್ಲಿ ಶಂಕುಗಳಿಗೂ ಬೆಳಕನ್ನು ಗ್ರಹಿಸುವ ಕೋಶಗಳಿಗೂ ನಡುವೆ ಪಾರದರ್ಶಕವಾದ ಒಂದು ವಿಶಾಲ ವಲಯವಿದೆ. ಕತ್ತಲೆಯಲ್ಲಿ ಆ ವಲಯದಲ್ಲಿ ವರ್ಣದ್ರವ್ಯದ ಗೋಡೆಗಳಿರುವುದಿಲ್ಲ. ಒಂದು ಚುಕ್ಕೆಯಿಂದ ಹೊರಟ ಬೆಳಕು ನೂರಾರು ಮುಖಗಳ ಮೂಲಕ ಒಳಹೊಕ್ಕು, ಪ್ರತಿಯೊಂದು ಶಂಕುವಿನಲ್ಲಿಯೂ ತಕ್ಕಷ್ಟು ಬಾಗಿ, ಆಳದಲ್ಲಿ ಒಂದೇ ಚುಕ್ಕೆಯಲ್ಲಿ ಬಂದು ಸೇರಬೇಕು. ಆಗ ಸಾವಿರ ಬಿಂಬಗಳ ಬದಲು ಒಂದೇ ಬಿಂಬ ಮೂಡಬೇಕು. ಅದೂ ನಮ್ಮ ಕಣ್ಣಿನಲ್ಲಿರುವಂತೆ ತಲೆಕೆಳಗಾಗಿ ಅಲ್ಲ, ನೆಟ್ಟಗೆ ಮೂಡಬೇಕು. ಎಕ್ಸ್‌ನರ್ ಅವರ ಲೆಕ್ಕಾಚಾರ ಹೀಗೆ ಹೇಳುತ್ತಿತ್ತು. ಆದರೆ ಅಂತಹ ಬಿಂಬವನ್ನು ಕಣ್ಣಾರೆ ಕಾಣದೆ ಅದನ್ನು ನಂಬುವವರು ಯಾರು? ಅದು ಮೂಡದಿದ್ದರೆ ವರ್ಷಗಳ ದುಡಿಮೆಯೆಲ್ಲ ಬರಿಯ ಊಹೆಯಾಗಿ ಉಳಿಯುತ್ತಿತ್ತು.

ಅವರು ಮಿಂಚುಹುಳುವಿನ ಕಣ್ಣನ್ನು ತೆಗೆದುಕೊಂಡರು. ಈ ಕೀಟದ ಶಂಕುಗಳು ಹೊರಪದರಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಒಳಗಿನ ಮೃದುವಾದ ಭಾಗಗಳನ್ನು ಹುಷಾರಾಗಿ ತೆಗೆದುಹಾಕಿದರೂ ಮಸೂರಗಳ ಜೋಡಣೆ ಕೆಡುವುದಿಲ್ಲ. ಹೀಗೆ ಶುಚಿಮಾಡಿದ, ಗುಂಡುಸೂಜಿಯ ತಲೆಯಷ್ಟಿರುವ ಆ ಪದರವನ್ನು ತಕ್ಕ ದ್ರವದ ಹನಿಯೊಂದರ ಮೇಲೆ ನಿಲ್ಲಿಸಿ, ಸೂಕ್ಷ್ಮದರ್ಶಕದಿಂದ ಅದರ ಹಿಂಭಾಗವನ್ನು ನೋಡಿದರು. ಅವರ ನಿರೀಕ್ಷೆ ಸುಳ್ಳಾಗಲಿಲ್ಲ. ಅಲ್ಲಿ ಒಂದೇ ಬಿಂಬ, ನೆಟ್ಟಗಿನ ಬಿಂಬ ಮೂಡಿತ್ತು. ಆ ಬಿಂಬದ ಛಾಯಾಚಿತ್ರವನ್ನೂ ತೆಗೆಯಲಾಯಿತು. ಅದರಲ್ಲಿ ಒಂದು ಕಿಟಕಿ, ಕಿಟಕಿಯ ಗಾಜಿಗೆ ಅಂಟಿಸಿದ್ದ ‘ಆರ್’ ಎಂಬ ರೋಮನ್ ಅಕ್ಷರ, ಕಿಟಕಿಯಾಚೆಗಿದ್ದ ಚರ್ಚು ಎಲ್ಲವೂ ಗುರುತು ಸಿಗುವಂತೆ ಕಾಣುತ್ತಿದ್ದವು. ಅಕ್ಷರವು ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ಎಂಬುದರಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ಮಾನವನು ಮಿಂಚುಹುಳುವಿನ ಕಣ್ಣಿನ ಮೂಲಕ ಜಗತ್ತನ್ನು ನೋಡಿ ಅದರ ಚಿತ್ರವನ್ನು ಹಿಡಿದಿಟ್ಟಿದ್ದನು.

ಆದರೆ ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಇರುಳಿನ ಮಂದ ಬೆಳಕನ್ನು ಕೂಡಿಸಿಕೊಳ್ಳುವ ಕಣ್ಣು ಹಗಲಿನ ಪ್ರಖರವಾದ ಬೆಳಕನ್ನು ತಾಳಿಕೊಳ್ಳುವುದು ಹೇಗೆ? ನಮ್ಮ ಕಣ್ಣಿನ ಪಾಪೆ ಕತ್ತಲೆಯಲ್ಲಿ ಹಿಗ್ಗುತ್ತದೆ, ಬಿಸಿಲಿನಲ್ಲಿ ಕುಗ್ಗುತ್ತದೆ. ಪತಂಗದ ಕಣ್ಣಿನಲ್ಲಿ ಅಂತಹ ಪಾಪೆಯಿಲ್ಲ. ಆ ಕೆಲಸವನ್ನು ಅಲ್ಲಿ ಮಾಡುವುದು ವರ್ಣದ್ರವ್ಯದ ಕಣಗಳು. ಕತ್ತಲೆಯಲ್ಲಿ ಅವು ಮೇಲಕ್ಕೆ ಸರಿದು ಶಂಕುಗಳ ನಡುವೆ ಅಡಗಿಕೊಳ್ಳುತ್ತವೆ. ಬೆಳಕು ಬಿದ್ದಾಗ ಕೆಳಕ್ಕಿಳಿದು ಪಾರದರ್ಶಕವಾದ ವಲಯದಲ್ಲಿ ಹರಡಿಕೊಂಡು, ನೆರೆಯ ಮುಖಗಳಿಂದ ಅಡ್ಡಲಾಗಿ ಬರುವ ಕಿರಣಗಳನ್ನು ತಡೆಯುತ್ತವೆ. ಆಗ ಹಲವು ಮುಖಗಳಿಗೆ ಬದಲಾಗಿ ಕೆಲವೇ ಮುಖಗಳ ಬೆಳಕು ಒಳಗೆ ತಲಪುತ್ತದೆ. ಈ ಕಣಗಳ ಸಂಚಾರದಿಂದ ಪತಂಗದ ಕಣ್ಣಿನ ಬೆಳಕಿನ ಸಂವೇದನೆಯು ನೂರು ಪಟ್ಟಿಗೂ ಮಿಗಿಲಾಗಿ ಏರಿಳಿಯಬಲ್ಲುದೆಂದು ಅನಂತರದ ಅಳತೆಗಳು ತೋರಿಸಿವೆ.

ಜೀವಂತ ಕೀಟದಲ್ಲಿ ಈ ಸಂಚಾರವನ್ನು ಕಾಣುವುದಕ್ಕೂ ಎಕ್ಸ್‌ನರ್ ದಾರಿ ಕಂಡುಕೊಂಡರು. ಕತ್ತಲೆಯಲ್ಲಿದ್ದ ಪತಂಗದ ಕಣ್ಣಿಗೆ ಬೆಳಕನ್ನು ಹಾಯಿಸಿದರೆ ಅದು ಕೆಂಡದಂತೆ ಹೊಳೆಯುತ್ತದೆ. ಕಣ್ಣಿನ ಆಳದಲ್ಲಿರುವ ಪ್ರತಿಫಲಿಸುವ ಪದರದಿಂದ ಬೆಳಕು ಹಿಂದಿರುಗುವುದೇ ಇದಕ್ಕೆ ಕಾರಣ. ಆದರೆ ಬೆಳಕಿನಲ್ಲಿ ಬಿಟ್ಟರೆ ಕೆಲವು ನಿಮಿಷಗಳಲ್ಲಿ ಆ ಹೊಳಪು ಕುಗ್ಗುತ್ತ ಬಂದು ಕಣ್ಣು ಕಪ್ಪಾಗುತ್ತದೆ. ವರ್ಣದ್ರವ್ಯದ ತೆರೆಯು ಇಳಿದು ದಾರಿಯನ್ನು ಮುಚ್ಚಿತೆಂಬುದಕ್ಕೆ ಇದೇ ಸಾಕ್ಷಿ. ಹೀಗೆ ಕೀಟಕ್ಕೆ ನೋವಾಗದಂತೆಯೇ ಅದರ ಕಣ್ಣಿನೊಳಗಿನ ವ್ಯವಹಾರವನ್ನು ಹೊರಗಿನಿಂದ ಗಮನಿಸಲು ಸಾಧ್ಯವಾಯಿತು. ಹಸಿರು ಮಿಡತೆಯ ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆಯಿದ್ದು, ನೀವು ಯಾವ ಕಡೆಯಿಂದ ನೋಡಿದರೂ ಅದು ನಿಮ್ಮನ್ನೇ ದಿಟ್ಟಿಸುವಂತೆ ತೋರುತ್ತದೆ. ಅದು ನಿಜವಾದ ಪಾಪೆಯಲ್ಲ. ನಿಮ್ಮ ನೇರಕ್ಕಿರುವ ಕಿರುಕಣ್ಣುಗಳು ನಿಮ್ಮ ಕಡೆಯಿಂದ ಬಂದ ಬೆಳಕನ್ನು ಹೀರಿಕೊಳ್ಳುವುದರಿಂದ ಅಷ್ಟು ಭಾಗ ಕಪ್ಪಾಗಿ ಕಾಣುತ್ತದೆ. ಈ ತೋರಿಕೆಯ ಪಾಪೆಯನ್ನೂ ಎಕ್ಸ್‌ನರ್ ಅವರು ಪರಿಶೀಲಿಸಿ ವಿವರಿಸಿದರು.

ಈ ಎಲ್ಲ ಸಂಶೋಧನೆಗಳನ್ನೂ ಒಟ್ಟುಗೂಡಿಸಿ ೧೮೯೧ರಲ್ಲಿ ಅವರು ಏಡಿಗಳ ಮತ್ತು ಕೀಟಗಳ ಸಂಯುಕ್ತ ಕಣ್ಣುಗಳ ಕ್ರಿಯೆಯನ್ನು ಕುರಿತ ತಮ್ಮ ಮಹಾಗ್ರಂಥವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಮಿಂಚುಹುಳುವಿನ ಕಣ್ಣಿನಿಂದ ತೆಗೆದ ಛಾಯಾಚಿತ್ರವು ಆ ಗ್ರಂಥದಲ್ಲಿ ಅಚ್ಚಾಯಿತು. ಅದೇ ವರ್ಷ ಗುರು ಬ್ರೂಕ ಅವರ ಸ್ಥಾನದಲ್ಲಿ ಪ್ರಾಧ್ಯಾಪಕರಾಗಿಯೂ ಶರೀರಕ್ರಿಯಾ ಸಂಸ್ಥೆಯ ನಿರ್ದೇಶಕರಾಗಿಯೂ ನಿಯಮಿತರಾದರು. ಎಕ್ಸ್‌ನರ್ ಅವರ ಆಸಕ್ತಿ ಕಣ್ಣಿಗೆ ಮಾತ್ರ ಸೀಮಿತವಾಗಿರಲಿಲ್ಲ. ೧೮೯೯ರಲ್ಲಿ ವಿಯೆನ್ನಾದ ವಿಜ್ಞಾನ ಅಕಾಡೆಮಿಯಲ್ಲಿ ಧ್ವನಿಮುದ್ರಣಗಳ ಸಂಗ್ರಹಾಲಯವು ಸ್ಥಾಪನೆಯಾಗಲು ಅವರೇ ಮುಖ್ಯ ಕಾರಣರು. ಜಗತ್ತಿನ ಭಾಷೆಗಳನ್ನೂ ಸಂಗೀತವನ್ನೂ ಮುಂದಿನವರಿಗಾಗಿ ಕಾಪಾಡಿಡಬೇಕೆಂಬುದು ಅದರ ಉದ್ದೇಶ. ಇಂತಹ ಸಂಗ್ರಹಾಲಯಗಳಲ್ಲಿ ಅದು ಲೋಕದಲ್ಲೇ ಅತ್ಯಂತ ಹಳೆಯದು. ೧೯೦೪–೦೫ರಲ್ಲಿ ಭಾರತದಲ್ಲಿ ಮಾಡಿದ ಧ್ವನಿಮುದ್ರಣಗಳೂ ಅಲ್ಲಿ ಇಂದಿಗೂ ಸುರಕ್ಷಿತವಾಗಿವೆ.

ಹಿಂದೆ ಹೇಳಿದ ಸೋದರಿ ಮರೀ ಅವರ ಮಗನೇ ಕಾರ್ಲ್ ಫಾನ್ ಫ್ರಿಶ್. ಬಾಲ್ಯದಿಂದಲೂ ಪ್ರಾಣಿಗಳೆಂದರೆ ಅವನಿಗೆ ಅಪಾರವಾದ ಪ್ರೀತಿ. ವಿಯೆನ್ನಾದಲ್ಲಿ ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ಅವನು ಸೋದರಮಾವನ ಮಾರ್ಗದರ್ಶನದಲ್ಲಿ ಸಂಯುಕ್ತ ಕಣ್ಣುಗಳ ವರ್ಣದ್ರವ್ಯದ ಸಂಚಾರವನ್ನೇ ಅಧ್ಯಯನ ಮಾಡಿ ೧೯೦೮ರಲ್ಲಿ ಅದನ್ನು ಪ್ರಕಟಿಸಿದನು. ಸಂಶೋಧನೆಯ ಮೊದಲ ಪಾಠವನ್ನು ಅವನು ಕಲಿತದ್ದು ಹೀಗೆ. ಮುಂದೆ ಜೇನುನೊಣಗಳಿಗೆ ಬಣ್ಣಗಳ ಅರಿವಿದೆ ಎಂಬುದನ್ನೂ, ಅವು ಕುಣಿತದ ಮೂಲಕ ಹೂವಿರುವ ದಿಕ್ಕನ್ನು ತಮ್ಮ ಗೂಡಿನವರಿಗೆ ತಿಳಿಸುತ್ತವೆ ಎಂಬುದನ್ನೂ ಫ್ರಿಶ್ ಅವರು ಸಾಧಿಸಿ ತೋರಿಸಿದರು. ೧೯೭೩ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಸೋದರಮಾವನು ಹಚ್ಚಿದ ದೀಪದಿಂದ ಸೋದರಳಿಯನು ಮತ್ತೊಂದು ದೀಪವನ್ನು ಹಚ್ಚಿದನು.

ಕೀಟಕ್ಕೆ ವರ್ಣದ್ರವ್ಯವೇ ಇಲ್ಲದಿದ್ದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆಯಲು ನಿಸರ್ಗದ ಒಂದು ಆಕಸ್ಮಿಕವೇ ನೆರವಾಯಿತು. ೧೯೧೦ರಲ್ಲಿ ಅಮೆರಿಕದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರು ಹಣ್ಣಿನ ನೊಣಗಳನ್ನು ಸಾಕಿ ಆನುವಂಶಿಕತೆಯನ್ನು ಅಭ್ಯಾಸ ಮಾಡುತ್ತಿದ್ದರು. ಈ ನೊಣಗಳ ಕಣ್ಣು ಸಹಜವಾಗಿ ಕೆಂಪು. ಆದರೆ ಅವುಗಳ ನಡುವೆ ಬಿಳಿಯ ಕಣ್ಣಿನ ಒಂದು ಗಂಡು ನೊಣ ಕಾಣಿಸಿಕೊಂಡಿತು. ಮಾರ್ಗನ್ ಅವರಿಗೆ ಅದು ಆನುವಂಶಿಕತೆಯ ರಹಸ್ಯವನ್ನು ತೆರೆಯುವ ಕೀಲಿಕೈಯಾಯಿತು. ಅದರ ಸಂತತಿಯ ನೊಣಗಳು ನೋಟದ ವಿಜ್ಞಾನಿಗಳಿಗೂ ಉಪಯೋಗಕ್ಕೆ ಬಂದವು. ಬೆಳಕನ್ನು ಗ್ರಹಿಸುವ ಕೋಶಗಳು ಅವುಗಳಲ್ಲಿ ಇದ್ದವು. ಅವುಗಳನ್ನು ಸುತ್ತುವರಿಯಬೇಕಾದ ವರ್ಣದ್ರವ್ಯ ಮಾತ್ರ ಇರಲಿಲ್ಲ.

ಕಪ್ಪು ಬಿಳುಪು ಪಟ್ಟೆಗಳಿರುವ ಉರುಳೆಯೊಂದನ್ನು ನೊಣದ ಸುತ್ತ ತಿರುಗಿಸಿದರೆ, ಕೆಂಪು ಕಣ್ಣಿನ ನೊಣವು ಪಟ್ಟೆಗಳು ಸರಿಯುವ ದಿಕ್ಕಿಗೆ ತಾನೂ ತಿರುಗುತ್ತದೆ. ಹಾನ್ಸ್ ಕಾಲ್ಮಸ್ ಎಂಬ ವಿಜ್ಞಾನಿ ೧೯೪೩ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬಿಳಿಯ ಕಣ್ಣಿನ ನೊಣಗಳು ಹಾಗೆ ತಿರುಗಲಿಲ್ಲ. ಅವು ಕುರುಡಾಗಿರಲಿಲ್ಲ. ಬೆಳಕಿನ ಅರಿವು ಅವಕ್ಕೆ ಚೆನ್ನಾಗಿಯೇ ಇತ್ತು. ಆದರೆ ಗೋಡೆಗಳಿಲ್ಲದ ಕಿರುಕಣ್ಣುಗಳಿಗೆ ಎಲ್ಲ ದಿಕ್ಕುಗಳಿಂದಲೂ ಬೆಳಕು ನುಗ್ಗುತ್ತಿದ್ದುದರಿಂದ ಕಪ್ಪು ಯಾವುದು, ಬಿಳುಪು ಯಾವುದು ಎಂಬ ಭೇದವು ಅಳಿಸಿಹೋಗುತ್ತಿತ್ತು. ಬೆಳಕು ಹೆಚ್ಚಾದರೂ ನೋಟ ಕೆಟ್ಟಿತ್ತು. ಅಷ್ಟೇ ಅಲ್ಲ, ಪ್ರಖರವಾದ ಬೆಳಕಿನಲ್ಲಿ ಬಹುಕಾಲವಿದ್ದರೆ ಇಂತಹ ನೊಣಗಳ ಕಣ್ಣಿನ ಕೋಶಗಳೇ ಹಾಳಾಗುತ್ತವೆ ಎಂಬುದೂ ಮುಂದೆ ತಿಳಿದುಬಂತು. ಕಣ್ಣಿನ ವರ್ಣದ್ರವ್ಯವು ನೋಟಕ್ಕೆ ಎಷ್ಟು ಅವಶ್ಯಕವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಗಾದರೆ ನೊಣದ ಕಣ್ಣು ಕಪ್ಪಾಗಿರದೆ ಕೆಂಪಾಗಿರುವುದೇಕೆ? ಇದಕ್ಕೂ ವಿಜ್ಞಾನಿಗಳು ಕಾರಣವನ್ನು ಕಂಡುಹಿಡಿದಿದ್ದಾರೆ. ನೊಣದ ಕಣ್ಣಿನಲ್ಲಿ ನೋಟಕ್ಕೆ ಮುಖ್ಯವಾಗಿ ನೆರವಾಗುವುದು ನೀಲಿ ಹಸಿರು ಬೆಳಕು. ಕೆಂಪು ವರ್ಣದ್ರವ್ಯವು ಆ ಬೆಳಕನ್ನು ತಡೆದು ನೋಟವನ್ನು ನಿಚ್ಚಳವಾಗಿಡುತ್ತದೆ. ಕೆಂಪು ಬೆಳಕನ್ನು ಮಾತ್ರ ಅದು ಒಳಕ್ಕೆ ಬಿಡುತ್ತದೆ. ಆ ಕೆಂಪು ಬೆಳಕು ನೋಟವನ್ನು ಕೆಡಿಸುವುದಿಲ್ಲ. ಬದಲಿಗೆ, ಬೆಳಕನ್ನು ಹೀರಿ ಮಾರ್ಪಟ್ಟ ದೃಷ್ಟಿದ್ರವ್ಯವನ್ನು ಮತ್ತೆ ಮೊದಲಿನ ಸ್ಥಿತಿಗೆ ತಂದು ಮುಂದಿನ ಕೆಲಸಕ್ಕೆ ಸಿದ್ಧಗೊಳಿಸುತ್ತದೆ. ಬೇಡದುದನ್ನು ತಡೆಯುವ ತೆರೆಯೇ ಬೇಕಾದುದಕ್ಕೆ ಬಾಗಿಲನ್ನೂ ತೆರೆದಿಟ್ಟಿದೆ! ನೊಣದಂತಹ ಅಲ್ಪಜೀವಿಯಲ್ಲಿ ಇಂತಹ ಕೌಶಲವಿರುವುದು ಯಾರನ್ನಾದರೂ ವಿಸ್ಮಯಗೊಳಿಸುತ್ತದೆ.

೧೯೧೭ರಲ್ಲಿ ಆಸ್ಟ್ರಿಯಾದ ಪ್ರಭುತ್ವವು ಎಕ್ಸ್‌ನರ್ ಅವರಿಗೆ ಕುಲೀನ ಪದವಿಯನ್ನಿತ್ತು ಗೌರವಿಸಿತು. ೧೯೨೬ನೆಯ ಇಸವಿ ಫೆಬ್ರವರಿ ೫ರಂದು, ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ವಿಯೆನ್ನಾದಲ್ಲಿಯೇ ನಿಧನರಾದರು. ಅವರು ಗತಿಸಿದ ಮೇಲೆ ಅವರ ಸಿದ್ಧಾಂತವು ಕಠಿಣವಾದ ಪರೀಕ್ಷೆಗೆ ಒಳಗಾಯಿತು. ೧೯೬೦ರ ದಶಕದಲ್ಲಿ ಕೆಲವು ಸಂಶೋಧಕರು ಮಿಂಚುಹುಳು, ಪತಂಗಗಳ ಕಣ್ಣಿನಲ್ಲಿ ಅಂತಹ ಒಂದೇ ಬಿಂಬ ನಿಜವಾಗಿ ಮೂಡುತ್ತದೆಯೆ ಎಂದು ಸಂದೇಹಿಸಿದರು. ಆಗ ಹೊಸ ಉಪಕರಣಗಳಿಂದ ಮತ್ತೆ ಅಳತೆಗಳು ನಡೆದವು. ಶಂಕುಗಳ ಸಾಂದ್ರತೆಯ ಏರಿಳಿತ ಎಕ್ಸ್‌ನರ್ ಹೇಳಿದಂತೆಯೇ ಇತ್ತು. ಬಿಂಬವೂ ಅವರು ಹೇಳಿದಂತೆಯೇ ಮೂಡುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ತಿದ್ದುಪಡಿ ಬೇಕಾಯಿತು. ಸೀಗಡಿ ಮೊದಲಾದ ಕೆಲವು ಜಲಚರಗಳ ಕಣ್ಣುಗಳು ಮಸೂರ ಸ್ತಂಭಗಳಿಂದಲ್ಲ, ಸೂಕ್ಷ್ಮವಾದ ಕನ್ನಡಿಗಳಿಂದ ಬೆಳಕನ್ನು ಕೂಡಿಸುತ್ತವೆಯೆಂದು ೧೯೭೦ರ ದಶಕದಲ್ಲಿ ತಿಳಿಯಿತು. ಅಲ್ಲಿಯೂ ಮೂಡುವುದು ಎಕ್ಸ್‌ನರ್ ಹೇಳಿದಂತೆ ಒಂದೇ ನೆಟ್ಟಗಿನ ಬಿಂಬ. ೧೯೮೯ರಲ್ಲಿ, ಎಂದರೆ ಮೂಲ ಗ್ರಂಥವು ಹೊರಬಂದ ತೊಂಬತ್ತೆಂಟು ವರ್ಷಗಳ ಮೇಲೆ, ಅದು ಇಂಗ್ಲಿಷಿಗೆ ಅನುವಾದವಾಯಿತು. ಒಂದು ಶತಮಾನದಷ್ಟು ಹಳೆಯದಾದ ವಿಜ್ಞಾನ ಗ್ರಂಥವನ್ನು ಸಂಶೋಧಕರು ಉಪಯೋಗಕ್ಕಾಗಿಯೇ ಭಾಷಾಂತರಿಸಿಕೊಂಡು ಓದುವುದು ವಿರಳ.

ಎಕ್ಸ್‌ನರ್ ಅವರ ಬಳಿ ಇಂದಿನ ಪ್ರಯೋಗಶಾಲೆಗಳ ವೈಭವವಿರಲಿಲ್ಲ. ಒಂದು ಸೂಕ್ಷ್ಮದರ್ಶಕ, ಒಂದು ಹನಿ ದ್ರವ, ಮಿಂಚುಹುಳುವಿನ ಒಂದು ಕಣ್ಣು, ಇವುಗಳ ಜೊತೆಗೆ ತಪಸ್ಸಿನಂತಹ ತಾಳ್ಮೆ ಇಷ್ಟೇ ಅವರ ಸಂಪತ್ತು. ಜನರು ಕಾಲಲ್ಲಿ ತುಳಿದು ಸಾಗುವ ಕೀಟದಲ್ಲಿ ಅವರು ಬೆಳಕಿನ ನಿಯಮಗಳನ್ನು ಓದಿದರು. ತಮ್ಮ ಊಹೆ ಎಷ್ಟೇ ಸೊಗಸಾಗಿದ್ದರೂ ಅದನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿ ನೋಡದೆ ಅವರ ಮನಸ್ಸು ಒಪ್ಪಲಿಲ್ಲ. ಸತ್ಯವನ್ನು ಅರಸುವವರಿಗೆ ಹೊಸ ವಿಷಯಗಳನ್ನು ಕಾಣುವ ಕಣ್ಣು ಎಷ್ಟು ಮುಖ್ಯವೋ, ಅಸತ್ಯವಾದುದನ್ನೂ ಅನಾವಶ್ಯಕವಾದುದನ್ನೂ ತಡೆದು ನಿಲ್ಲಿಸುವ ವಿವೇಕವೂ ಅಷ್ಟೇ ಮುಖ್ಯ. ಎಕ್ಸ್‌ನರ್ ಅವರಲ್ಲಿ ಇವೆರಡೂ ಕೂಡಿದ್ದವು. ಆದುದರಿಂದಲೇ ಅವರು ಕಂಡದ್ದು ಇಂದಿಗೂ ಮಸುಕಾಗದೆ ಉಳಿದಿದೆ.